ತಿರುವಿನ ದಂಡಕ್ಕೆ ತಕರಾರು

ಬೇಲೂರು, ಹಳೇಬೀಡು, ಜಾವಗಲ್ ದಾಟಿ ಬರುವ ರಸ್ತೆ ನಮ್ಮ ಬಾಣಾವರದಲ್ಲಿ ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ಕೂಡುತ್ತದೆ. ಹಳಬರ ಬಾಯಲ್ಲಿ ಆ ಹೆದ್ದಾರಿಯ ಹೆಸರು ಇಂದಿಗೂ ‘206’. ದೇವಸ್ಥಾನ ನೋಡಿಕೊಂಡು ಬಂದ ಕಾರಿನವರು ಇಲ್ಲಿ ಗಾಜು ಇಳಿಸಿ ಬೆಂಗಳೂರಿಗೆ ಯಾವ ಕಡೆ ಎಂದು ಕೇಳುತ್ತಾರೆ, ನಾವು ಕೈ ತೋರಿಸುತ್ತೇವೆ. ಅವರು ತಿರುಗುತ್ತಾರೆ. ಕೈಸನ್ನೆಯಲ್ಲೇ ದಾರಿ ಹೇಳಿ ಕೇಳಿ ಬೆಳೆದ ನಮ್ಮಂಥವರು ದೊಡ್ಡ ಊರಿಗೆ ಗಾಡಿ ಒಯ್ದಾಗ ಬಾಯಿಲ್ಲದ ಫಲಕದ ಮುಂದೆ ಸಿಕ್ಕಿಬೀಳುತ್ತೇವೆ. ಊರೊಳಗೆ ದಂಡ ಬೀಳುವುದು ಹೆಚ್ಚಾಗಿ ಹೆಲ್ಮೆಟ್ಟಿಗೆ, ಇನ್ಷೂರೆನ್ಸ್ ಮುಗಿದಿದ್ದಕ್ಕೆ. ತಿರುಗಬಾರದ ಕಡೆ ತಿರುಗಿದೆ ಎಂಬ ದಂಡ ಮಾತ್ರ ಪೇಟೆಯಿಂದ ಹೊತ್ತು ತರುವ ಸರಕು.

ನಾನೂ ಒಮ್ಮೆ ಹೊತ್ತು ತಂದಿದ್ದೇನೆ. ಊರಿನ ಹೆಸರು ಬೇಡ. ಆಸ್ಪತ್ರೆಯೊಂದನ್ನು ಹುಡುಕುತ್ತಾ ಬಲಕ್ಕೆ ತಿರುಗಿದೆ. ಯಾರೂ ತಡೆಯಲಿಲ್ಲ, ಯಾರೂ ಶೀಟಿ ಊದಲಿಲ್ಲ. ಮೂರು ವಾರದ ಮೇಲೆ ಮೊಬೈಲಿಗೆ ಸಂದೇಶ ಬಂತು: ಐನೂರು ರೂಪಾಯಿ. ಮುಂದಿನ ಸಲ ಹೋದಾಗ ಇಳಿದು ನೋಡಿದೆ. ಕೆಂಪು ಅಂಚಿನ ದುಂಡು ಫಲಕ ಹೊಂಗೆ ಕೊಂಬೆಯ ಹಿಂದೆ ಇತ್ತು. ಬುಡದಲ್ಲಿ ನಿಂತವನಿಗೆ ಕಾಣುತ್ತದೆ, ಗಾಡಿಯಲ್ಲಿ ಬರುವವನಿಗೆ ಕಾಣುವುದಿಲ್ಲ. ಅರಸೀಕೆರೆ ಕೋರ್ಟಿನಲ್ಲಿ ವಕೀಲಿ ಮಾಡುವ ಗೆಳೆಯನಿಗೆ ಫೋನ್ ಮಾಡಿ, ಅಪೀಲು ಹೋಗಬಹುದಾ ಎಂದು ಕೇಳಿದೆ.

“ಅಪೀಲು ಯಾತರ ಮೇಲೆ ಹೋಗ್ತೀಯೋ? ತೀರ್ಪೇ ಆಗಿಲ್ವಲ್ಲೋ” ಅಂದ.

ಈ ಇಡೀ ವಿಷಯದ ಗಂಟು ಅವನ ಆ ಮಾತಿನಲ್ಲಿದೆ. ಜನ ‘ಫೈನ್ ಹಾಕಿದರು’ ಎನ್ನುತ್ತಾರೆ. ಕಾನೂನಿನ ಪ್ರಕಾರ ಪೊಲೀಸರು ದಂಡ ವಿಧಿಸುವವರಲ್ಲ, ದಂಡ ವಿಧಿಸುವವರು ನ್ಯಾಯಾಧೀಶರು. ಪೊಲೀಸರು ಮಾಡುವುದು ಆರೋಪ. ಆ ಆರೋಪದ ಜೊತೆಗೇ 1988ರ ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನಡಿ ಒಂದು ರಾಜಿ ಮುಂದಿಡುತ್ತಾರೆ: ಸರ್ಕಾರ ಗೊತ್ತುಮಾಡಿದ ಇಷ್ಟು ಹಣ ಕಟ್ಟು, ಕೇಸು ಇಲ್ಲಿಗೇ ಮುಗಿಯಲಿ. ರಾಜಿ ಮಾಡಿಸುವ ಅಧಿಕಾರ ಯಾವ ದರ್ಜೆಯ ಅಧಿಕಾರಿಗೆ, ಎಷ್ಟು ಮೊತ್ತಕ್ಕೆ ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚನೆಯಲ್ಲಿ ಹೇಳಬೇಕು. ಹಣ ಕಟ್ಟಿದಿರೋ, ಮುಂದೆ ಯಾವ ನಡವಳಿಯೂ ಇಲ್ಲ. ಪೊಲೀಸರೂ ನಿಮ್ಮ ಬೆನ್ನು ಹತ್ತುವಂತಿಲ್ಲ, ನೀವೂ ‘ನಂದು ತಪ್ಪಿರಲಿಲ್ಲ’ ಎಂದು ಹಿಂದಿರುಗುವಂತಿಲ್ಲ. ಅಪೀಲು ಎಂದು ನಾವು ಕರೆಯುವುದು ನಿಜವಾಗಿ ರಾಜಿಗೆ ಒಪ್ಪದೆ ಇರುವುದು. ಕೋರ್ಟಿನ ಮುಂದೆ ‘ಒಪ್ಪಲ್ಲ ಸ್ವಾಮಿ’ ಎನ್ನುವುದು. ಮೇಲ್ಮನವಿಯ ಹಂತ ಬರುವುದು ಆಮೇಲೆ, ಕೋರ್ಟು ಶಿಕ್ಷೆ ಕೊಟ್ಟ ಮೇಲೆ.

ಹಾಗಾದರೆ ಏನನ್ನು ಒಪ್ಪದಿರಬಹುದು? ಮೊದಲು ನೋಡಬೇಕಾದ್ದು ಚಲನ್ನಿನಲ್ಲಿ ಬರೆದ ಕಲಮು. ಎಲ್ಲ ತಪ್ಪು ತಿರುವೂ ಒಂದೇ ಅಲ್ಲ. ಕಡ್ಡಾಯ ಫಲಕವನ್ನು ಪಾಲಿಸಬೇಕು ಎನ್ನುವುದು 119ನೇ ಕಲಂ. ಅದನ್ನು ಮೀರಿದರೆ ಸಾಮಾನ್ಯ ದಂಡದ 177ನೇ ಕಲಂ ಅನ್ವಯ: ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500ರವರೆಗೆ. 2019ರ ತಿದ್ದುಪಡಿಗೆ ಮುಂಚೆ ಇದೇ ದಂಡ ನೂರು ರೂಪಾಯಿ ಇತ್ತು, ಮೂವತ್ತು ವರ್ಷ ಅಲುಗಾಡಿರಲಿಲ್ಲ. ಚಾಲನಾ ನಿಯಮಾವಳಿ ಮೀರಿದ್ದಕ್ಕೆ ಅದೇ ತಿದ್ದುಪಡಿ 177-ಎ ಎಂಬ ಇನ್ನೊಂದು ಕಲಂ ಸೇರಿಸಿತು: 500ಕ್ಕೆ ಕಡಿಮೆಯಿಲ್ಲ, 1,000ಕ್ಕೆ ಹೆಚ್ಚಿಲ್ಲ. ಇನ್ನು 184, ಅಪಾಯಕಾರಿ ಚಾಲನೆ. ಕೆಂಪು ದೀಪ ಹಾರುವುದು, ಎದುರು ದಿಕ್ಕಿನಲ್ಲಿ ಓಡಿಸುವುದು ಅದರೊಳಗೆ ಬರುತ್ತವೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿ ಅಥವಾ ಜೈಲು. ಬಲಕ್ಕೆ ತಿರುಗಬಾರದ ಕಡೆ ತಿರುಗಿದವನಿಗೂ ಒನ್‌ವೇಯಲ್ಲಿ ಎದುರಿಗೆ ನುಗ್ಗಿದವನಿಗೂ ಇರುವ ಅಂತರ ಇದು. ಚಲನ್ನಿನಲ್ಲಿ 177ರ ಜಾಗದಲ್ಲಿ 184 ಬಿದ್ದಿದ್ದರೆ ಆ ಒಂದು ಸಂಖ್ಯೆಗಾಗಿಯೇ ತಕರಾರು ಎತ್ತಬಹುದು. ಅಂದಹಾಗೆ 177ರಲ್ಲಿರುವುದು ‘500ರವರೆಗೆ’ ಎಂಬ ಮಾತು. ಕೋರ್ಟಿಗೆ ಹೋದವನಿಗೆ ನ್ಯಾಯಾಧೀಶರು ಅದಕ್ಕಿಂತ ಕಡಿಮೆ ಹಾಕಬಹುದು. ರಸ್ತೆ ಬದಿಯ ರಾಜಿಯಲ್ಲಿ ಆ ಚೌಕಾಸಿ ಇಲ್ಲ.

ಎರಡನೆಯದು ಫಲಕ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ನೆಲ ಇದೇ. ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕಡ್ಡಾಯ ಫಲಕಗಳ ಚಿತ್ರಗಳಿವೆ. ಬಲ ತಿರುವು ನಿಷೇಧ, ಎಡ ತಿರುವು ನಿಷೇಧ, ಯೂ ಟರ್ನ್ ನಿಷೇಧ, ಎಲ್ಲವೂ ಕೆಂಪು ಅಂಚಿನ ದುಂಡಗಿನವು, ಬಾಣಕ್ಕೆ ಅಡ್ಡ ಗೀಟು. ಫಲಕದ ಗಾತ್ರ, ಬಣ್ಣ, ಬಗೆ ಅನುಸೂಚಿಯಂತೆಯೇ ಇರಬೇಕು ಎಂದು 116ನೇ ಕಲಂ ಹೇಳುತ್ತದೆ. ಅಂದರೆ ಗೋಡೆಗೆ ಯಾರೋ ಸುಣ್ಣದಲ್ಲಿ ಬರೆದ ‘ತಿರುಗಬಾರದು’ ಎಂಬುದಕ್ಕೆ 119ರ ಬಲವಿಲ್ಲ. ಅಂಗಡಿಯವರು ತಮ್ಮ ಬಾಗಿಲ ಮುಂದೆ ನಿಲ್ಲಿಸಿಕೊಂಡ ತಗಡಿಗೂ ಇಲ್ಲ. ಫಲಕವನ್ನು ಮರೆಮಾಡುವ ಜಾಹೀರಾತನ್ನು ತೆಗೆಸುವ ಅಧಿಕಾರವನ್ನೂ ಅದೇ 116ನೇ ಕಲಂ ಪೊಲೀಸರಿಗೆ ಕೊಟ್ಟಿದೆ. ನಮ್ಮ ತಾಲ್ಲೂಕು ಊರುಗಳಲ್ಲಿ ಹುಟ್ಟುಹಬ್ಬದ ಶುಭಾಶಯ, ಕೈಮುಗಿದ ಮುಖಂಡರು, ಜಾತ್ರೆಯ ಸುಸ್ವಾಗತ, ಇವೆಲ್ಲ ಫ್ಲೆಕ್ಸ್ ಆಗಿ ಕಟ್ಟಿಕೊಳ್ಳುವುದು ಎಲ್ಲಿ ಎಂದು ಕಣ್ಣಿದ್ದವರು ನೋಡಿದ್ದಾರೆ. ಗಟ್ಟಿ ಕಂಬ ಇರುವಲ್ಲಿ. ಗಟ್ಟಿ ಕಂಬ ಇರುವುದು ಸರ್ಕಾರ ಫಲಕಕ್ಕೆಂದು ನೆಟ್ಟಲ್ಲಿ!

ಫಲಕದ ಹಿಂದೆ ಒಂದು ಆದೇಶವೂ ಇರಬೇಕು. ಯಾವುದೋ ರಸ್ತೆಯಲ್ಲಿ ಯಾವುದೋ ವಾಹನ ಬರಕೂಡದು, ತಿರುಗಕೂಡದು ಎನ್ನಲು 115ನೇ ಕಲಮಿನಲ್ಲಿ ಅಧಿಕಾರವಿದೆ. ಕರ್ನಾಟಕದಲ್ಲಿ ಜಿಲ್ಲಾಧಿಕಾರಿಗಳ ಆದೇಶಗಳು ಅದರ ಜೊತೆಗೆ 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳ 221-ಎ ನಿಯಮವನ್ನೂ ಉಲ್ಲೇಖಿಸುತ್ತವೆ. ಬಾಣಾವರದಿಂದ ಬೇಲೂರು, ಮೂಡಿಗೆರೆ ದಾಟಿ ಮಂಗಳೂರಿಗೆ ಇಳಿಯುವವರಿಗೆ ಈ ಆದೇಶಗಳ ಪರಿಚಯ ಚೆನ್ನಾಗಿಯೇ ಇದೆ; ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಸಂಚಾರ ನಿರ್ಬಂಧಿಸುವುದು ಇಂಥ ಆದೇಶದಿಂದಲೇ. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದಲ್ಲಿ ಪ್ರಕಟಿಸಬೇಕಿಲ್ಲ, ಆದರೆ ಸ್ಥಳೀಯವಾಗಿ ಪ್ರಚಾರ ಕೊಡಲೇಬೇಕು. ಜಾತ್ರೆಗೆಂದು ಮೂರು ದಿನ ಮಾಡಿದ ಒನ್‌ವೇಯ ಫಲಕವನ್ನು ತೆಗೆಯಲು ಮರೆತು, ಆರು ತಿಂಗಳ ಮೇಲೂ ಅದರ ಹೆಸರಲ್ಲಿ ಕೇಸು ಹಾಕಿದರೆ ಕೇಳಬಹುದಾದ ಪ್ರಶ್ನೆ ಸರಳ: ಆದೇಶ ಎಲ್ಲಿ? ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಮೂವತ್ತು ದಿನದೊಳಗೆ ಅದರ ಪ್ರತಿ ಕೊಡಬೇಕು, ಇಲ್ಲದಿದ್ದರೆ ‘ಇಲ್ಲ’ ಎಂದು ಬರೆದು ಕೊಡಬೇಕು. ‘ಇಲ್ಲ’ ಎಂಬ ಆ ಉತ್ತರವೇ ಕೋರ್ಟಿನಲ್ಲಿ ನಿಮ್ಮ ದಾಖಲೆ.

ಪೊಲೀಸರೇ ಕೈಬೀಸಿ ಕಳುಹಿಸಿದ್ದರೆ? 119ನೇ ಕಲಂ ಫಲಕವನ್ನು ಪಾಲಿಸು ಎಂದಂತೆ ಸ್ಥಳದಲ್ಲಿರುವ ಪೊಲೀಸರ ಸೂಚನೆಯನ್ನೂ ಪಾಲಿಸು ಎನ್ನುತ್ತದೆ. ಕಾಮಗಾರಿಯ ಕಡೆ, ಮೆರವಣಿಗೆಯ ಹೊತ್ತಲ್ಲಿ ಸಿಬ್ಬಂದಿ ತಿರುಗಿಸಿ ಕಳುಹಿಸುತ್ತಾರೆ, ಕ್ಯಾಮೆರಾ ಮಾತ್ರ ತನ್ನ ಪಾಡಿಗೆ ಚಿತ್ರ ತೆಗೆಯುತ್ತದೆ. ಆಂಬುಲೆನ್ಸ್‌ಗೆ ದಾರಿ ಬಿಡಲು ಪಕ್ಕಕ್ಕೆ ಹೊರಳಿದವನ ಕಥೆಯೂ ಇದೇ ಜಾತಿಯದು. ದಾರಿ ಬಿಡದಿದ್ದರೆ 194-ಇ ಕಲಮಿನಲ್ಲಿ ಹತ್ತು ಸಾವಿರ ದಂಡ ಇರುವಾಗ, ಬಿಟ್ಟದ್ದಕ್ಕೆ ಐನೂರು ಕಟ್ಟು ಎಂದರೆ ಯಾವ ನ್ಯಾಯಾಧೀಶರಾದರೂ ಒಮ್ಮೆ ತಲೆಯೆತ್ತಿ ನೋಡಿಯಾರು. ‘ನನಗೆ ಗೊತ್ತಿರಲಿಲ್ಲ, ಹಳ್ಳಿಯವನು’ ಎಂಬ ಮಾತು ಮಾತ್ರ ನಡೆಯುವುದಿಲ್ಲ. ಅಕ್ಷರವೇ ಇಲ್ಲದ ಆ ಚಿತ್ರಗಳನ್ನು ಮಾಡಿದ್ದೇ ಓದು ಬಾರದವನಿಗೂ, ಪರಭಾಷೆಯವನಿಗೂ ತಿಳಿಯಲಿ ಎಂದು.

ಕ್ಯಾಮೆರಾದ ಮಾತು ಬಂತು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳ ವ್ಯವಸ್ಥೆ ಶುರುವಾಯಿತು. ಅದಕ್ಕೂ ಮುಂಚೆ, 2021ರ ಆಗಸ್ಟ್‌ನಲ್ಲಿ, ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167-ಎ ಎಂಬ ನಿಯಮ ಸೇರಿತ್ತು. ಉಪಕರಣಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು. ಇಲ್ಲಿ ಕ್ಯಾಮೆರಾ ಇದೆ ಎಂದು ಎಚ್ಚರಿಸುವ ಫಲಕ ಇರಬೇಕು. ನೋಟಿಸಿನಲ್ಲಿ ಚಿತ್ರ, ದಿನಾಂಕ, ಹೊತ್ತು, ಸ್ಥಳ, ಮೀರಿದ ಕಲಂ ಇರಬೇಕು. ಘಟನೆಯಾದ ಹದಿನೈದು ದಿನದೊಳಗೆ ಅದನ್ನು ಕಳುಹಿಸಬೇಕು. ತಡವಾದರೆ ಕೇಸು ತಾನೇ ಬಿದ್ದುಹೋಗುತ್ತದೆ ಎಂದು ನಿಯಮ ಹೇಳುವುದಿಲ್ಲ, ನಿಜ. ಆದರೆ ಹಿಡಿದು ಕೇಳಲು ಅದೊಂದು ಹಿಡಿ. ನನ್ನ ಸಂದೇಶ ಮೂರು ವಾರದ ಮೇಲೆ ಬಂದಿತ್ತು ಎಂದೆನಲ್ಲ, ಆಗ ಇದು ನನಗೆ ಗೊತ್ತಿರಲಿಲ್ಲ.

ಚಿತ್ರ ಇದ್ದ ಮಾತ್ರಕ್ಕೆ ಅದು ಸಾಕ್ಷ್ಯವಾಗುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ (ಹಳೆಯ ಕಾಯ್ದೆಯಲ್ಲಿ ಇದು 65-ಬಿ) ಎಲೆಕ್ಟ್ರಾನಿಕ್ ದಾಖಲೆಯ ಜೊತೆಗೆ ಪ್ರಮಾಣಪತ್ರ ಬೇಕು. 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿತು. ಇನ್ನು ನಂಬರ್ ತಪ್ಪಾಗಿ ಓದಿಕೊಂಡದ್ದು, ಕೆಎ-13ರ ನಿಮ್ಮ ಸಂಖ್ಯೆಯನ್ನೇ ಇನ್ಯಾರೋ ಹಾಕಿಕೊಂಡು ಓಡಿಸಿದ್ದು, ನಿಮ್ಮದು ಬೈಕಾಗಿದ್ದು ಚಿತ್ರದಲ್ಲಿ ಆಟೋ ಇದ್ದದ್ದು, ಇವಕ್ಕೆ ಕೋರ್ಟಿನ ಮೆಟ್ಟಿಲು ಹತ್ತಬೇಕಿಲ್ಲ. ಆರ್‌ಸಿ, ಗಾಡಿಯ ಫೋಟೊ ಸಮೇತ ಕೇಸು ಹಾಕಿದ ಠಾಣೆಗೆ ಬರೆದರೆ ರದ್ದಾಗುವ ಸಾಧ್ಯತೆ ಚೆನ್ನಾಗಿದೆ. ಬರೆದದ್ದಕ್ಕೆ ಸ್ವೀಕೃತಿ ಪಡೆಯಿರಿ, ಅಷ್ಟೆ. ಮಾರಿದ ಗಾಡಿಯ ಚಲನ್ ಬರುವುದು ನಮ್ಮ ಕಡೆ ಮತ್ತೊಂದು ದೊಡ್ಡ ಗೋಳು. ತೆಂಗಿನಕಾಯಿ ಮಾರಿದಷ್ಟೇ ಸಲೀಸಾಗಿ, ಖಾಲಿ ಫಾರ್ಮಿಗೆ ಸಹಿ ಹಾಕಿ ಗಾಡಿ ಕೊಟ್ಟುಬಿಡುತ್ತೇವೆ. ಆರ್‌ಟಿಒ ದಾಖಲೆಯಲ್ಲಿ ಹೆಸರು ಇರುವವರೆಗೆ ನೋಟಿಸು ಹುಡುಕಿಕೊಂಡು ಬರುವುದು ಆ ಹೆಸರನ್ನೇ. ರಾಜ್ಯದೊಳಗೆ ಮಾರಿದವನು ಹದಿನಾಲ್ಕು ದಿನದೊಳಗೆ ತಿಳಿಸಬೇಕು ಎಂದು 50ನೇ ಕಲಂ ಹೇಳುತ್ತದೆ.

ಇಷ್ಟೆಲ್ಲ ಹಿಡಿಕೆ ಇದ್ದೂ ಜನ ಯಾಕೆ ಸುಮ್ಮನೆ ಕಟ್ಟುತ್ತಾರೆ? ಲೆಕ್ಕ ಹಾಕಿ ನೋಡೋಣ. ತಪ್ಪು ನಡೆದ ಊರಿನ ಕೋರ್ಟಿಗೇ ಹೋಗಬೇಕು. ಬಾಣಾವರ ಠಾಣೆಯವರು ಹಾಕಿದ ಕೇಸಾದರೆ ಅರಸೀಕೆರೆಯ ಜೆಎಂಎಫ್‌ಸಿ ಕೋರ್ಟು, ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು. ಬೆಂಗಳೂರಿನ ಕೇಸಾದರೆ ಬೆಳಗಿನ ಜಾವ ಅರಸೀಕೆರೆ ಜಂಕ್ಷನ್‌ನಲ್ಲಿ ರೈಲು ಹಿಡಿಯಬೇಕು. ಒಂದು ದಿನದ ಕೂಲಿ ಹೋಯಿತು, ಟಿಕೆಟ್ಟು, ಊಟ, ವಕಾಲತ್ತಿನ ಖರ್ಚು. ಆವತ್ತು ಕೇಸು ಹಾಕಿದ ಪೊಲೀಸರು ಬಂದೋಬಸ್ತಿನಲ್ಲಿದ್ದರೆ ಇನ್ನೊಂದು ವಾಯಿದೆ. ಐನೂರು ರೂಪಾಯಿ ಉಳಿಸಲು ಎರಡು ಸಾವಿರ ಕಳೆಯುವವನನ್ನು ಮನೆಯವರೇ ಬೈಯುತ್ತಾರೆ. 1988ರ ಕಾಯ್ದೆ ಬರೆದವರಿಗೂ ಈ ಲೆಕ್ಕ ಗೊತ್ತಿತ್ತು. 208ನೇ ಕಲಮಿನಲ್ಲಿ, ಸಮನ್ಸ್ ಬಂದವನು ತಪ್ಪೊಪ್ಪಿಗೆಯನ್ನು ರಿಜಿಸ್ಟರ್ ಪತ್ರದಲ್ಲಿ ಬರೆದು, ದಂಡವನ್ನು ಮನಿಆರ್ಡರ್ ಮಾಡಬಹುದು ಎಂದು ಅನುಕೂಲ ಮಾಡಿಕೊಟ್ಟರು. ಗಮನಿಸಿ: ತಪ್ಪೊಪ್ಪಿಕೊಳ್ಳುವವನಿಗೆ ಅಂಚೆ, ತಪ್ಪಿಲ್ಲ ಎನ್ನುವವನಿಗೆ ಕೋರ್ಟಿನ ಬೆಂಚು. ಮನಿಆರ್ಡರ್ ಹೋಗಿ ಮೊಬೈಲ್ ಬಂತು, ಏರ್ಪಾಡು ಬದಲಾಗಲಿಲ್ಲ. ನನಗೆ ಬಂದ ಸಂದೇಶದಲ್ಲಿ ಹಣ ಕಟ್ಟುವ ಕೊಂಡಿ ಇತ್ತು. ಒಪ್ಪದಿದ್ದರೆ ಎಲ್ಲಿ, ಯಾವಾಗ, ಯಾರ ಮುಂದೆ ಎಂಬ ಒಂದು ಸಾಲೂ ಇರಲಿಲ್ಲ.

ಹೋಗುವ ಮನಸ್ಸಿರುವವರಿಗೆ ದಾರಿ ಅಷ್ಟೇನೂ ಕಡಿದಲ್ಲ. ಖುದ್ದು ಹಾಜರಿಗೆ ವಿನಾಯಿತಿ ಕೊಟ್ಟು ವಕೀಲರ ಮೂಲಕ ನಡೆಸಲು ನ್ಯಾಯಾಧೀಶರು ಒಪ್ಪಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 530ನೇ ಕಲಂ ವಿಚಾರಣೆಯನ್ನು ಎಲೆಕ್ಟ್ರಾನಿಕ್ ವಿಧಾನದಲ್ಲಿ ನಡೆಸಲೂ ಅವಕಾಶ ಕೊಟ್ಟಿದೆ. ಹೆಂಗಸರು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು, ಆದಾಯ ಮಿತಿಯೊಳಗಿನವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ವಕೀಲರನ್ನು ಕೇಳಬಹುದು. ಕೋರ್ಟಿನಲ್ಲಿ ಮೊದಲು ಕೇಳುವ ಪ್ರಶ್ನೆ ತಪ್ಪು ಒಪ್ಪಿಕೊಳ್ಳುತ್ತೀರಾ ಎಂಬುದು. ಇಲ್ಲ ಎಂದರೆ ಸಾಬೀತು ಮಾಡುವ ಹೊರೆ ಪೊಲೀಸರದು, ಕೇಸು ಹಾಕಿದ ಅಧಿಕಾರಿಯನ್ನು ಪಾಟೀ ಸವಾಲು ಮಾಡುವ ಹಕ್ಕು ನಿಮ್ಮದು. ಸೋತರೆ ಮೂವತ್ತು ದಿನದೊಳಗೆ ಮೇಲ್ಮನವಿ, ಅರಸೀಕೆರೆಯ ಕೇಸಾದರೆ ಹಾಸನದ ಜಿಲ್ಲಾ ಸೆಷನ್ಸ್ ನ್ಯಾಯಾಲಯದ ವ್ಯಾಪ್ತಿಯಲ್ಲಿ. ಕೇವಲ ನೂರು, ಇನ್ನೂರು ರೂಪಾಯಿ ದಂಡದ ಚಿಲ್ಲರೆ ಕೇಸುಗಳಿಗೆ ಮೇಲ್ಮನವಿಯೇ ಇಲ್ಲ, ಐನೂರಕ್ಕೆ ಇದೆ. ಆದರೆ ತಪ್ಪು ಒಪ್ಪಿಕೊಂಡವನಿಗೆ ಶಿಕ್ಷೆಯ ಪ್ರಮಾಣದ ಬಗ್ಗೆ, ಅದು ಕಾನೂನುಬದ್ಧವೇ ಎಂಬ ಬಗ್ಗೆ ಬಿಟ್ಟು ಬೇರಾವ ಮೇಲ್ಮನವಿಯೂ ಸಿಗದು. ‘ಒಪ್ಪಿಕೊಂಡು ಕಡಿಮೆ ಮಾಡಿಸೋಣ, ಆಮೇಲೆ ನೋಡೋಣ’ ಎನ್ನುವ ಸಲಹೆಗಾರರು ಕೋರ್ಟಿನ ಹೊರಗೆ ಟೀ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತಾರೆ. ಆ ಆಮೇಲೆ ಬರುವುದಿಲ್ಲ.

ಇನ್ನೊಂದು ಸಂಗತಿಯನ್ನು ಪತ್ರಿಕೆಗಳೂ ಅಷ್ಟಾಗಿ ಬರೆಯುವುದಿಲ್ಲ. ದಂಡ ಮಾತ್ರವೇ ಶಿಕ್ಷೆಯಾಗಿರುವ ಅಪರಾಧವನ್ನು ಆರು ತಿಂಗಳು ಕಳೆದ ಮೇಲೆ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 468ನೇ ಕಲಂ, ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 514. ತಡವನ್ನು ಮನ್ನಿಸುವ ಅಧಿಕಾರ ಕೋರ್ಟಿಗೆ ಇದೆ, ಆದರೆ ಅದಕ್ಕೆ ಕಾರಣ ಬೇಕು. 177ನೇ ಕಲಂ ಅಂಥದೇ ಅಪರಾಧ. ಹಾಗಿದ್ದೂ ವರ್ಷಗಟ್ಟಲೆ ಹಳೆಯ ಚಲನ್‌ಗಳು ಗಾಡಿಯ ಲೆಕ್ಕದಲ್ಲಿ ಬಡ್ಡಿಯಿಲ್ಲದ ಸಾಲದ ಹಾಗೆ ಕೂತಿರುತ್ತವೆ. ಗಾಡಿ ಮಾರಲು ಹೋದಾಗ ಎದ್ದು ಬರುತ್ತವೆ, ರಸ್ತೆಯಲ್ಲಿ ತಡೆದಾಗ ಎದ್ದು ಬರುತ್ತವೆ.

ಇಲ್ಲಿಗೆ ಬರುತ್ತದೆ ಅರ್ಧ ಬೆಲೆಯ ಜಾತ್ರೆ. 2023ರ ಫೆಬ್ರವರಿಯಲ್ಲಿ, ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಾರ್ಯಾಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಬಿ. ವೀರಪ್ಪನವರ ಸಲಹೆಯ ಮೇರೆಗೆ, ಬಾಕಿ ಚಲನ್‌ಗಳಿಗೆ ಶೇ. 50 ರಿಯಾಯಿತಿ ಎಂದು ಕರ್ನಾಟಕ ಸರ್ಕಾರ ಆದೇಶ ಹೊರಡಿಸಿತು. ಹತ್ತು ದಿನವೂ ಆಗಿರಲಿಲ್ಲ, ನೂರು ಕೋಟಿ ರೂಪಾಯಿ ದಾಟಿ ಹಣ ಹರಿದು ಬಂತು. ಠಾಣೆಗಳ ಮುಂದೆ ಜನ ಸಾಲು ನಿಂತರು. ಅದೇ ವರ್ಷ ಜುಲೈನಲ್ಲಿ ಮತ್ತೆ ಕೊಟ್ಟರು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ. ಖಜಾನೆಗೆ ಹಣ ಬಂತು, ಕಡತ ಹಗುರಾಯಿತು, ಜನರಿಗೆ ಏನೋ ಗೆದ್ದಂತಾಯಿತು. ಇದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ನನ್ನ ಉತ್ತರ: ನಿಜವಾಗಿ ತಪ್ಪು ಮಾಡಿದವನಿಗೆ ಅರ್ಧ ಮಾಫಿ ಸಿಕ್ಕಿತು, ತಪ್ಪೇ ಮಾಡದವನು ಅರ್ಧ ಕಟ್ಟಿದ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ ನ್ಯಾಯ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಲೋಕ ಅದಾಲತ್ತಿನಲ್ಲಿ ಮುಗಿಸಿಕೊಂಡರಂತೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಂ ಪ್ರಕಾರ ಅದೇ ಕೊನೆ, ಅದರ ಮೇಲೆ ಅಪೀಲಿಲ್ಲ. ಸಾಲದ್ದಕ್ಕೆ, ರಿಯಾಯಿತಿ ಮತ್ತೆ ಬಂದೇ ಬರುತ್ತದೆ ಎಂದು ಗೊತ್ತಾದ ಮೇಲೆ ಚಾಲಾಕಿಗಳು ಕಟ್ಟುವುದನ್ನೇ ಬಿಟ್ಟಿದ್ದಾರೆ. ಹೊತ್ತಿಗೆ ಸರಿಯಾಗಿ ಕಟ್ಟಿದವನೇ ಪೆದ್ದ.

ಬೇರೆ ಕಡೆ ಹೇಗೆ ಮಾಡಿಕೊಂಡಿದ್ದಾರೆ ಎಂದರೆ ಇಂಗ್ಲೆಂಡಿನ ಉದಾಹರಣೆ ಹತ್ತಿರದ್ದು. ಅಲ್ಲಿ 2022ರಿಂದ ಲಂಡನ್ನಿನ ಆಚೆಯ ಸ್ಥಳೀಯ ಆಡಳಿತಗಳಿಗೂ ನಿಷೇಧಿತ ತಿರುವಿಗೆ ದಂಡ ಹಾಕುವ ಅಧಿಕಾರ ಪಡೆಯಲು ಅವಕಾಶವಾಯಿತು. ಬೇಗ ಕಟ್ಟಿದರೆ ಅರ್ಧ ಎಂಬ ಆಮಿಷ ಅಲ್ಲೂ ಇದೆ. ಆದರೆ ಒಪ್ಪದವನು ಮೊದಲು ಆ ಆಡಳಿತಕ್ಕೇ ಬರೆಯುತ್ತಾನೆ. ಅವರು ತಳ್ಳಿಹಾಕಿದರೆ 28 ದಿನದೊಳಗೆ ಸ್ವತಂತ್ರ ನ್ಯಾಯಮಂಡಳಿಯ ಮುಂದೆ ಹೋಗುತ್ತಾನೆ. ಶುಲ್ಕವಿಲ್ಲ, ವಕೀಲ ಬೇಕಿಲ್ಲ, ಮನೆಯಲ್ಲೇ ಕೂತು ಫೋಟೊ ಕಳುಹಿಸಬಹುದು. ಫಲಕ ಕಾಣುತ್ತಿರಲಿಲ್ಲ ಎಂಬ ತಕರಾರನ್ನು ಅಲ್ಲಿ ಒಬ್ಬರು ಕೂತು ಓದುತ್ತಾರೆ. ನಮ್ಮಲ್ಲಿ ದೆಹಲಿಯಲ್ಲಿ 2019ರಲ್ಲಿ ಶುರುವಾದ ವರ್ಚುವಲ್ ಕೋರ್ಟಿನ ಏರ್ಪಾಡಿನಲ್ಲಿ ಪರದೆಯ ಮೇಲೆ ಎರಡು ಆಯ್ಕೆ: ಕಟ್ಟು, ಇಲ್ಲವೇ ತಕರಾರು ಮಾಡು. ಎರಡನೆಯದನ್ನು ಒತ್ತಿದರೆ ಕೇಸು ಮಾಮೂಲಿ ಕೋರ್ಟಿಗೆ ಹೋಗುತ್ತದೆ. ಮತ್ತೆ ಅದೇ ರೈಲು, ಅದೇ ವಾಯಿದೆ.

ಪೊಲೀಸರನ್ನು ಬೈಯುವುದು ಸುಲಭ. ಎರಡು ಹೆದ್ದಾರಿ ಸೇರುವ ಊರಿನಲ್ಲಿ ಅಡ್ಡಾದಿಡ್ಡಿ ತಿರುಗಿದ ಗಾಡಿಗಳು ಏನು ಮಾಡುತ್ತವೆ ಎಂದು ನೋಡಿದವನು ನಾನು. ತಿರುವಿನ ನಿಷೇಧ ಬೇಕು, ದಂಡವೂ ಬೇಕು. ಸೆಕೆಗೆ ಹೊಗೆಗೆ ನಿಂತು ಕೆಲಸ ಮಾಡುವ ಸಿಬ್ಬಂದಿಯ ಮೇಲೆ ನನಗೆ ಸಿಟ್ಟಿಲ್ಲ. ತಡೆದಾಗ ಡಿಜಿಲಾಕರ್‌ನಲ್ಲಿರುವ ಡಿಎಲ್, ಆರ್‌ಸಿ ತೋರಿಸಿ. 2018ರಿಂದ ಅದು ಅಸಲಿಗೆ ಸಮ. ಬರೀ ತಪ್ಪು ತಿರುವಿಗೆ ಗಾಡಿ ವಶಪಡಿಸಿಕೊಳ್ಳಲು 207ನೇ ಕಲಮಿನಲ್ಲಿ ಅವಕಾಶವಿಲ್ಲ, ಅದು ಲೈಸೆನ್ಸ್, ನೋಂದಣಿ, ಪರ್ಮಿಟ್ ಇಲ್ಲದವರಿಗೆ. ಇದನ್ನು ಮೆಲ್ಲಗೆ ಹೇಳಿ, ಜಗಳ ಬೇಡ. ರಶೀದಿ ಇಲ್ಲದೆ ದುಡ್ಡು ಕೊಡಬೇಡಿ. ಆಮೇಲೆ ನೂರು ಅಡಿ ಹಿಂದೆ ನಡೆದು, ಚಾಲಕನ ಕಣ್ಣಿನ ಎತ್ತರದಲ್ಲಿ ಮೊಬೈಲ್ ಹಿಡಿದು ಫಲಕದ ಫೋಟೊ ತೆಗೆಯಿರಿ. ಕೊಂಬೆ, ಫ್ಲೆಕ್ಸ್, ಬಣ್ಣ ಹೋದ ತಗಡು, ಇದ್ದದ್ದು ಇದ್ದ ಹಾಗೆ ಬರಲಿ. ದಿನಾಂಕ ಅದರಲ್ಲೇ ಉಳಿಯುತ್ತದೆ.

ನಾನು ಫೋಟೊ ತೆಗೆದಿದ್ದೆ. ಆದರೂ ರಿಯಾಯಿತಿ ಬಂದ ವಾರ ಇನ್ನೂರ ಐವತ್ತು ಕಟ್ಟಿಬಿಟ್ಟೆ. ಆ ಫೋಟೊವನ್ನು ಇವತ್ತಿಗೂ ಯಾರೂ ಕೇಳಿಲ್ಲ.